ಹರಾಜುಕಟ್ಟೆ ಮೊಬೈಲಿಗೆ ಬಂತು. ‘ಒಪ್ಪಿಲ್ಲ’ ಎನ್ನುವ ಬಲ ರೈತನಿಗೆ ಬಂತೇ?

ಶಿಡ್ಲಘಟ್ಟ : ಹೊತ್ತು ಮೂಡುವ ಮುನ್ನವೇ ಗೂಡಿನ ಮೂಟೆಗಳನ್ನು ಹೇರಿಕೊಂಡ ಟೆಂಪೋಗಳು ಇಲ್ಲಿನ ಸರಕಾರಿ ರೇಷ್ಮೆಗೂಡಿನ ಮಾರುಕಟ್ಟೆಯತ್ತ ಮುಖ ಮಾಡುತ್ತವೆ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ ತಾಲೂಕುಗಳ ರೈತರಷ್ಟೇ ಅಲ್ಲ, ಗಡಿಯಾಚೆಯ ಆಂಧ್ರದ ರೈತರೂ ಇಲ್ಲಿಗೆ ಬರುತ್ತಾರೆ. ರಾಮನಗರವನ್ನು ಬಿಟ್ಟರೆ ರಾಜ್ಯದ ಅತಿ ದೊಡ್ಡ ಗೂಡಿನ ಪೇಟೆ ಇದೇ. ಒಂದು ಕಾಲದಲ್ಲಿ ಈ ಅಂಗಳದ ಹರಾಜಿನ ಕೂಗು ದೂರದ ಬೀದಿಗೂ ಕೇಳಿಸುತ್ತಿತ್ತು. ಈಗ ಕೂಗು ಅಡಗಿದೆ. ಗೂಡಿನ ರಾಶಿಗಳ ನಡುವೆ ನಡೆದಾಡುವ ಖರೀದಿದಾರರು ಒಂದು ಹಿಡಿ ಗೂಡನ್ನೆತ್ತಿ ಕಿವಿಯ ಬಳಿ ಅಲುಗಾಡಿಸಿ ನೋಡುತ್ತಾರೆ. ಮರುಕ್ಷಣ ಅವರ ಹೆಬ್ಬೆರಳು ಮೊಬೈಲಿನ ಪರದೆಯ ಮೇಲೆ ಓಡುತ್ತದೆ. ರೈತ ತನ್ನ ಲಾಟಿನ ಪಕ್ಕದಲ್ಲಿ ನಿಂತು ಸಂಖ್ಯೆಗಾಗಿ ಕಾಯುತ್ತಾನೆ.

ಕಳೆದ ದಶಕದಲ್ಲಿ ರಾಜ್ಯದ ಪ್ರಮುಖ ಗೂಡಿನ ಮಾರುಕಟ್ಟೆಗಳಿಗೆ ಇ-ಹರಾಜು ಬಂದಿತು. ಅದರ ಬೆನ್ನಿಗೇ ನಗದು ವಹಿವಾಟನ್ನು ಕೊನೆಗೊಳಿಸಿ ರೈತನ ಬ್ಯಾಂಕ್ ಖಾತೆಗೆ ನೇರವಾಗಿ ಹಣ ಹಾಕುವ ಪದ್ಧತಿಯೂ ಬಂದಿತು. ಇವೆರಡನ್ನೂ ತಾಂತ್ರಿಕ ಸುಧಾರಣೆಗಳೆಂದು ವರ್ಣಿಸುವುದು ವಾಡಿಕೆ. ಆದರೆ ಹರಾಜಿನ ನಿಯಮವೊಂದು ಬದಲಾದಾಗ ಕೇವಲ ಯಂತ್ರ ಬದಲಾಗುವುದಿಲ್ಲ; ಮಾರುವವನು ಮತ್ತು ಕೊಳ್ಳುವವನ ನಡುವಿನ ಬಲಾಬಲವೂ ಬದಲಾಗುತ್ತದೆ. ಯಾರಿಗೆ ಎಷ್ಟು ಹೊತ್ತು ಕಾಯುವ ಶಕ್ತಿಯಿದೆ, ಯಾರಿಗೆ ಎಷ್ಟು ಮಾಹಿತಿ ಸಿಗುತ್ತದೆ, ಮಾತು ತಪ್ಪಿದವರಿಗೆ ಏನು ಶಿಕ್ಷೆ ಎಂಬ ಮೂರು ಪ್ರಶ್ನೆಗಳಿಗೆ ಹೊಸ ನಿಯಮಗಳು ಕೊಡುವ ಉತ್ತರವೇ ನಿಜವಾದ ಸುಧಾರಣೆಯ ಅಳತೆಗೋಲು. ಜಿಲ್ಲೆಯ ನಾಲ್ಕು ಪಟ್ಟಣಗಳ ಪೇಟೆಗಳನ್ನು ಈ ಅಳತೆಗೋಲಿನಿಂದ ನೋಡಿದರೆ ಕಾಣುವ ಚಿತ್ರ ಮಿಶ್ರವಾದುದು.

ಚೀಟಿಯಿಂದ ಎಸ್ಸೆಮ್ಮೆಸ್ಸಿಗೆ

ರೇಷ್ಮೆಗೂಡು ಉಳಿದ ಕೃಷಿ ಉತ್ಪನ್ನಗಳಂತೆ ಎಪಿಎಂಸಿ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ 1959ರ ಪ್ರತ್ಯೇಕ ಕಾಯ್ದೆಯಿದೆ. ಬಿತ್ತನೆ ಮೊಟ್ಟೆ, ಗೂಡು, ನೂಲು ಇವೆಲ್ಲದರ ಉತ್ಪಾದನೆ ಹಾಗೂ ಮಾರಾಟವನ್ನು ಆ ಕಾಯ್ದೆ ನಿಯಂತ್ರಿಸುತ್ತದೆ. ಗೂಡು ಕೊಳ್ಳಲು ಪರವಾನಗಿ ಬೇಕು. ವಹಿವಾಟು ರೇಷ್ಮೆ ಇಲಾಖೆಯ ಮಾರುಕಟ್ಟೆಯಲ್ಲಿ ನಡೆಯಬೇಕು. ರೈತನನ್ನು ಮನೆಬಾಗಿಲಿನ ದಲ್ಲಾಳಿಯಿಂದ ಬಿಡಿಸುವುದು ಈ ವ್ಯವಸ್ಥೆಯ ಮೂಲ ಆಶಯ.

ಬಾಯಿಮಾತಿನ ಹರಾಜಿನ ಕಾಲದಲ್ಲಿ ಇಲಾಖೆಯ ಸಿಬ್ಬಂದಿ ಲಾಟಿನಿಂದ ಲಾಟಿಗೆ ಸಾಗುತ್ತ ಕೂಗುತ್ತಿದ್ದರು. ಸುತ್ತ ನೆರೆದ ಖರೀದಿದಾರರಲ್ಲಿ ಹೆಚ್ಚು ಕೂಗಿದವನ ಹೆಸರು ಚೀಟಿಗೆ ಏರುತ್ತಿತ್ತು. ನೂಕುನುಗ್ಗಲಿನಲ್ಲಿ ಕೇಳಿಸಿದ್ದೆಷ್ಟು, ಬರೆದದ್ದೆಷ್ಟು ಎಂಬುದು ಆಗಾಗ ಜಗಳಕ್ಕೆ ಕಾರಣವಾಗುತ್ತಿತ್ತು. ನಾಲ್ಕಾರು ಮಂದಿ ಮೊದಲೇ ಮಾತಾಡಿಕೊಂಡು ಒಂದು ಮಟ್ಟಕ್ಕೆ ಕೂಗು ನಿಲ್ಲಿಸಿದರೆ ರೈತನಿಗೆ ಬೇರೆ ದಾರಿಯಿರಲಿಲ್ಲ. ಕೈಸನ್ನೆಯಲ್ಲಿಯೇ ಒಪ್ಪಂದ ಮುಗಿಯುತ್ತಿತ್ತು ಎಂಬುದು ಹಳೆಯ ಬೆಳೆಗಾರರ ಸಾಮಾನ್ಯ ದೂರು.

ಇ-ಹರಾಜಿನಲ್ಲಿ ಕ್ರಮ ಬೇರೆ. ರೈತನ ಗೂಡಿಗೆ ಲಾಟ್ ಸಂಖ್ಯೆ ಬೀಳುತ್ತದೆ. ಪರವಾನಗಿ ಪಡೆದ ಖರೀದಿದಾರರು ತಮ್ಮ ಗುರುತಿನ ಸಂಖ್ಯೆಯಿಂದ ಮೊಬೈಲಿನಲ್ಲಿ ಪ್ರವೇಶಿಸಿ ಬೆಲೆ ನಮೂದಿಸುತ್ತಾರೆ. ಅತ್ಯಧಿಕ ಬೆಲೆ ರೈತನಿಗೆ ತಿಳಿಯುತ್ತದೆ. ಆತ ಒಪ್ಪಿದರೆ ತೂಕ, ಇಲ್ಲದಿದ್ದರೆ ಮತ್ತೊಂದು ಸುತ್ತು. ದಾಖಲೆ ಅಳಿಸಲಾಗದು, ಬೆಲೆ ತಿದ್ದಲಾಗದು. ಯಾರು ಎಷ್ಟಕ್ಕೆ ಕೇಳಿದರು ಎಂಬುದು ಗಣಕದಲ್ಲಿ ಉಳಿಯುತ್ತದೆ. ಇದು ನಿಸ್ಸಂದೇಹವಾಗಿ ದೊಡ್ಡ ಹೆಜ್ಜೆ.

ಆದರೂ ಹೊಸ ವ್ಯವಸ್ಥೆ ಹರಾಜಿನ ಹೊತ್ತನ್ನು ಮಾತ್ರ ಗಣಕಕ್ಕೆ ಒಪ್ಪಿಸಿದೆ. ಅದರ ಹಿಂದಿನ ಹಾಗೂ ಮುಂದಿನ ಹೊತ್ತು ಇನ್ನೂ ಮನುಷ್ಯರ ಕೈಯಲ್ಲಿದೆ. ಮಾದರಿ ನೋಡುವ ನೆಪದಲ್ಲಿ ಹಿಡಿಹಿಡಿಯಾಗಿ ಮಾಯವಾಗುವ ಗೂಡು, ಬೆಲೆ ನಿಗದಿಯಾದ ಬಳಿಕ ಗುಣಮಟ್ಟ ಸರಿಯಿಲ್ಲವೆಂದು ತೂಕದ ಬಳಿ ನಡೆಯುವ ಚೌಕಾಸಿ ಇವು ರಾಜ್ಯದ ಎಲ್ಲ ಗೂಡಿನ ಪೇಟೆಗಳಲ್ಲಿಯೂ ರೈತರು ಹೇಳಿಕೊಳ್ಳುವ ಕಷ್ಟಗಳು. ಪರದೆಯ ಮೇಲಿನ ಬೆಲೆ ಕೈಗೆ ಬರುವ ಬೆಲೆಯಾಗದಿದ್ದರೆ ಪಾರದರ್ಶಕತೆ ಅರ್ಧದಾರಿಯಲ್ಲಿ ನಿಂತಂತೆ.

ಗೂಡಿಗಿರುವ ಗಡುವು

ಬೆಲೆಯನ್ನು ನಿರಾಕರಿಸುವ ಹಕ್ಕು ರೈತನಿಗಿದೆ ಎಂದು ನಿಯಮ ಹೇಳುತ್ತದೆ. ಈ ಹಕ್ಕಿನ ಬೆಲೆಯೆಷ್ಟು ಎಂದು ತಿಳಿಯಲು ರೇಷ್ಮೆಹುಳುವಿನ ಬದುಕನ್ನು ನೋಡಬೇಕು. ಹಣ್ಣಾದ ಹುಳು ಚಂದ್ರಿಕೆಗೆ ಏರಿ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಐದಾರನೆಯ ದಿನ ರೈತ ಗೂಡು ಬಿಡಿಸುತ್ತಾನೆ. ಅಷ್ಟರಲ್ಲಿ ಒಳಗಿನ ಹುಳು ಕೋಶವಾಗಿರುತ್ತದೆ. ಅಲ್ಲಿಂದ ಮತ್ತೆ ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು; ಅದು ಕಸಕ್ಕೆ ಸಮಾನ. ಜೊತೆಗೆ ದಿನ ಕಳೆದಂತೆ ಗೂಡಿನ ತೂಕವೂ ಇಳಿಯುತ್ತದೆ.

ಹೀಗಾಗಿ ಗೂಡು ಮಾರುವವನ ಮುಂದೆ ಗಡಿಯಾರವೊಂದು ಸದಾ ಟಿಕ್‌ಟಿಕ್ ಎನ್ನುತ್ತಿರುತ್ತದೆ. ಮೊದಲ ಸುತ್ತಿನ ಬೆಲೆಯನ್ನು ಒಪ್ಪದ ರೈತ ಎರಡನೆಯ ಸುತ್ತಿಗೆ ಕಾಯಬಹುದು. ಅದೂ ಒಗ್ಗದಿದ್ದರೆ ಗೂಡನ್ನು ಮತ್ತೆ ತುಂಬಿ, ಟೆಂಪೋ ಬಾಡಿಗೆ ತೆತ್ತು, ರಾಮನಗರಕ್ಕೋ ಆಂಧ್ರದ ಹಿಂದೂಪುರಕ್ಕೋ ಹೋಗಬಹುದು. ಒಂದು ಲೆಕ್ಕ ನೋಡಿ. 100 ಕಿಲೋ ಗೂಡು ತಂದ ರೈತನಿಗೆ ಕಿಲೋ ಒಂದಕ್ಕೆ 10 ರೂಪಾಯಿ ಹೆಚ್ಚು ಸಿಕ್ಕರೆ ಲಾಭ 1,000 ರೂಪಾಯಿ. ಇನ್ನೊಂದು ಪೇಟೆಗೆ ಸಾಗಿಸುವ ಬಾಡಿಗೆ, ಒಂದು ದಿನದ ಕೂಲಿ, ತೂಕದ ಇಳಿಕೆ ಇವುಗಳನ್ನು ಕಳೆದರೆ ಆ ಸಾವಿರ ಉಳಿಯುವುದೇ ಇಲ್ಲ. ಈ ಗಣಿತ ರೈತನಿಗೂ ಗೊತ್ತು, ಖರೀದಿದಾರನಿಗೂ ಗೊತ್ತು. ಆದ್ದರಿಂದ ‘ಒಪ್ಪಿಲ್ಲ’ ಎಂಬ ಗುಂಡಿ ಪರದೆಯ ಮೇಲಿದ್ದರೂ ಅದನ್ನು ಒತ್ತುವ ಬೆರಳಿಗೆ ಬಲವಿಲ್ಲ.

ಹಕ್ಕನ್ನು ಕೊಟ್ಟು ಅದನ್ನು ಚಲಾಯಿಸುವ ಸಾಧನ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಬಿಸಿಗಾಳಿಯಲ್ಲಿ ಗೂಡು ಒಣಗಿಸಿ ಒಳಗಿನ ಕೋಶವನ್ನು ನಿಷ್ಕ್ರಿಯಗೊಳಿಸಿದರೆ ಅದನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಕಾಪಿಡಬಹುದು. ಅಂತಹ ಒಣಗಿಸುವ ಯಂತ್ರ ಮಾರುಕಟ್ಟೆಯ ಅಂಗಳದಲ್ಲಿಯೇ ರೈತರಿಗಾಗಿ ಇದ್ದು, ಒಣಗೂಡನ್ನು ಅಡವಿಟ್ಟು ಸಾಲ ಪಡೆಯುವಂತಿದ್ದರೆ ನಿರಾಕರಣೆಯ ಹಕ್ಕು ಕಾಗದದಿಂದ ನೆಲಕ್ಕಿಳಿಯುತ್ತದೆ.

ರೀಲರುಗಳ ವಾದವೂ ಇದೆ

ಕತೆಯ ಇನ್ನೊಂದು ಮಗ್ಗುಲನ್ನು ಮರೆಯುವಂತಿಲ್ಲ. ಶಿಡ್ಲಘಟ್ಟದ ಓಣಿಗಳಲ್ಲಿ ನೂಲು ಬಿಚ್ಚುವ ಸಾವಿರಾರು ಕುಟುಂಬಗಳಿವೆ. ಚರಕ, ಕಾಟೇಜ್ ಬೇಸಿನ್ ಇಟ್ಟುಕೊಂಡವರಲ್ಲಿ ಬಹುತೇಕರು ಬಂಡವಾಳಶಾಹಿಗಳಲ್ಲ. ಬಿಸಿನೀರಿನಲ್ಲಿ ಕೈಯದ್ದಿ ಎಳೆ ಹಿಡಿಯುವ ಶ್ರಮಿಕರೇ ಇಲ್ಲಿ ಮಾಲೀಕರೂ ಹೌದು. ಹಳೆಯ ಪದ್ಧತಿಯಲ್ಲಿ ಇವರಿಗೆ ಒಂದು ಅನುಕೂಲವಿತ್ತು. ಗೂಡು ಕೊಂಡ ದಿನ ಸ್ವಲ್ಪ ಹಣ, ನೂಲು ಮಾರಿದ ಮೇಲೆ ಉಳಿದದ್ದು ಎಂಬ ಪರಸ್ಪರ ಹೊಂದಾಣಿಕೆ ನಡೆಯುತ್ತಿತ್ತು. ರೈತನಿಗೆ ಅದೇ ಶಾಪವಾಗಿತ್ತು. ಬಾಕಿ ವಸೂಲಿಗಾಗಿ ಊರಿಂದ ಪೇಟೆಗೆ ಅಲೆಯುವುದು, ಕೊನೆಗೆ ಮುರಿದುಕೊಂಡ ಹಣಕ್ಕೇ ತೃಪ್ತಿಪಡುವುದು ಸಾಮಾನ್ಯವಾಗಿತ್ತು.

ಹೊಸ ನಿಯಮದಲ್ಲಿ ಖರೀದಿದಾರನ ಹಣ ಮೊದಲೇ ಜಮೆಯಾಗಿರಬೇಕು. ಅದರ ಮಿತಿಯೊಳಗೆ ಮಾತ್ರ ಹರಾಜು ಕೂಗಬಹುದು. ರೈತನಿಗೆ ಇದು ವರ. ಆದರೆ ಸಣ್ಣ ರೀಲರಿಗೆ? ದಿನಕ್ಕೆ 50 ಕಿಲೋ ಗೂಡನ್ನು ಕಿಲೋಗೆ 600 ರೂಪಾಯಿಯಂತೆ ಕೊಳ್ಳುವವನಿಗೆ ನಿತ್ಯ 30,000 ರೂಪಾಯಿ ಬೇಕು. ನೂಲು ಮಾರಾಟವಾಗಿ ಹಣ ಕೈಸೇರಲು ಎಂಟು ದಿನ ಹಿಡಿದರೆ 2,40,000 ರೂಪಾಯಿ ಸದಾ ತೊಡಗಿಕೊಂಡಿರುತ್ತದೆ. ಬ್ಯಾಂಕುಗಳು ಇಷ್ಟು ಸಾಲವನ್ನು ಅಡಮಾನವಿಲ್ಲದೆ ಕೊಡಲು ಹಿಂಜರಿಯುತ್ತವೆ. ಫಲವಾಗಿ ಸಣ್ಣವರು ಒಬ್ಬೊಬ್ಬರಾಗಿ ಹರಾಜಿನಿಂದ ಹಿಂದೆ ಸರಿದರೆ, ಉಳಿಯುವುದು ಸ್ವಯಂಚಾಲಿತ ಯಂತ್ರಗಳ ಒಡೆಯರಾದ ಕೆಲವರು ಮಾತ್ರ. ಕೂಗುವವರ ಸಂಖ್ಯೆ ಇಳಿದ ದಿನ ಗೂಡಿನ ಬೆಲೆಯೂ ಇಳಿಯುತ್ತದೆ. ಅಂದರೆ ರೈತನ ರಕ್ಷಣೆಗೆಂದು ತಂದ ನಿಯಮ, ರೀಲರಿನ ಬಂಡವಾಳದ ಪ್ರಶ್ನೆಯನ್ನು ಬಗೆಹರಿಸದಿದ್ದರೆ, ಸುತ್ತಿಬಳಸಿ ರೈತನನ್ನೇ ಬಾಧಿಸಬಹುದು.

ಗೂಡಿನ ಗುಣಮಟ್ಟವೂ ಇಲ್ಲಿ ಮುಖ್ಯ. ಒಂದು ಕಿಲೋ ನೂಲಿಗೆ ಬಿಳಿಯ ದ್ವಿತಳಿ ಗೂಡು ಸುಮಾರು ಆರೂವರೆ ಕಿಲೋ ಬೇಕಾದರೆ, ಹಳದಿಯ ಮಿಶ್ರತಳಿ ಗೂಡು ಏಳು ಕಿಲೋಗೂ ಮಿಕ್ಕಿ ಬೇಕು. ಹರಾಜಿನ ಪರದೆಯ ಮೇಲೆ ಈ ವ್ಯತ್ಯಾಸ ತಳಿಯ ಹೆಸರಾಗಿ ಮಾತ್ರ ಕಾಣುತ್ತದೆ. ಒಂದೇ ತಳಿಯ ಎರಡು ಲಾಟುಗಳ ನಡುವಿನ ವ್ಯತ್ಯಾಸವನ್ನು ಕಣ್ಣಂದಾಜೇ ನಿರ್ಧರಿಸುತ್ತದೆ. ಗುಣಮಟ್ಟದ ಪರೀಕ್ಷೆ ಹರಾಜಿಗೆ ಮೊದಲೇ ನಡೆದು ಫಲಿತಾಂಶ ಇಬ್ಬರಿಗೂ ಕಾಣುವಂತಿದ್ದರೆ ತೂಕದ ಬಳಿಯ ಚೌಕಾಸಿಗೆ ಎಡೆಯೇ ಇರುವುದಿಲ್ಲ.

ಗೌರಿಬಿದನೂರಿನ ಮೆಕ್ಕೆಜೋಳದ ಪಾಠ

ಗೂಡಿಗಿಂತ ಮುಂಚೆಯೇ ಧಾನ್ಯದ ಪೇಟೆಗೆ ಗಣಕದ ಹರಾಜು ಬಂದಿತ್ತು. ರಾಜ್ಯ ಸರಕಾರ 2013ರಲ್ಲಿ ಕೃಷಿ ಮಾರುಕಟ್ಟೆ ನೀತಿಯನ್ನು ರೂಪಿಸಿ, 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಅಂದರೆ ಯುಎಂಪಿಯನ್ನು ಆರಂಭಿಸಿತು. ಇದಕ್ಕಾಗಿ ಎನ್‌ಸಿಡಿಇಎಕ್ಸ್ ಸಮೂಹದ ಜೊತೆಗೂಡಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಕೇಂದ್ರದ ಇ-ನಾಮ್ ಬಂದದ್ದು ಅನಂತರ, 2016ರ ಏಪ್ರಿಲ್ 14ರಂದು. 2020ರ ಮೇ ತಿಂಗಳಲ್ಲಿ ಎರಡೂ ವೇದಿಕೆಗಳ ನಡುವೆ ಕೊಂಡಿ ಬೆಸೆಯಲಾಯಿತು.

ಯುಎಂಪಿಯ ಹರಾಜು ಮುಚ್ಚಿದ ಲಕೋಟೆಯಂತೆ. ಬಾಗಿಲಿನಲ್ಲಿ ಲಾಟ್ ಸಂಖ್ಯೆ ಪಡೆದ ಉತ್ಪನ್ನಕ್ಕೆ ವರ್ತಕರು ನಿಗದಿತ ಹೊತ್ತಿನೊಳಗೆ ಬೆಲೆ ನಮೂದಿಸುತ್ತಾರೆ. ಒಬ್ಬರ ಬೆಲೆ ಇನ್ನೊಬ್ಬರಿಗೆ ಕಾಣದು. ಗಡುವು ಮುಗಿದಾಗ ಗೆದ್ದವನ ಹೆಸರು ಪ್ರಕಟವಾಗುತ್ತದೆ. ರೈತ ಒಪ್ಪಬಹುದು, ನಿರಾಕರಿಸಬಹುದು. ಇದರಿಂದ ರೈತನಿಗೆ ಲಾಭವಾಯಿತೇ ಎಂಬುದನ್ನು ಅಮೆರಿಕದ ಎಂಐಟಿಯ ಸಂಶೋಧಕರು ಹಾಗೂ ಈ ಯೋಜನೆಯ ಹೊಣೆ ಹೊತ್ತಿದ್ದ ರಾಜ್ಯದ ಅಧಿಕಾರಿ ಮನೋಜ್ ರಾಜನ್ ಅವರು ಜೊತೆಗೂಡಿ ಪರಿಶೀಲಿಸಿದರು. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಬೆಲೆ ಭತ್ತದಲ್ಲಿ ಶೇ. 5.1, ಶೇಂಗಾದಲ್ಲಿ ಶೇ. 3.6, ಮೆಕ್ಕೆಜೋಳದಲ್ಲಿ ಶೇ. 3.5ರಷ್ಟು ಏರಿತ್ತು. ಹತ್ತಿ, ಹೆಸರು, ತೊಗರಿಗಳಲ್ಲಿ ಹೇಳಿಕೊಳ್ಳುವಂತಹ ಪರಿಣಾಮ ಕಾಣಲಿಲ್ಲ.

ಈ ಅಂಕಿಗಳು ಎರಡು ಸಂಗತಿಗಳನ್ನು ಹೇಳುತ್ತವೆ. ಮೊದಲನೆಯದಾಗಿ, ಗಣಕದ ಹರಾಜು ಪವಾಡವಲ್ಲ, ಆದರೆ ಪೊಳ್ಳೂ ಅಲ್ಲ. ಶೇ. 3ರಿಂದ 5ರ ಏರಿಕೆ ಚಿಕ್ಕದೆಂದು ತೋರಬಹುದು. ಲಾಭಾಂಶವೇ ತೆಳುವಾಗಿರುವ ರೈತನಿಗೆ ಅದು ಉಳಿತಾಯ ಮತ್ತು ಸಾಲದ ನಡುವಿನ ಅಂತರ. ಎರಡನೆಯದಾಗಿ, ಒಂದೇ ಯಂತ್ರ ಎಲ್ಲ ಬೆಳೆಗೂ ಒಂದೇ ಫಲ ಕೊಡದು. ಎಷ್ಟು ಮಂದಿ ವರ್ತಕರು ಸ್ಪರ್ಧೆಯಲ್ಲಿದ್ದಾರೆ, ಹರಾಜಿನ ವಿಧಾನ ಯಾವುದು ಎಂಬುದೇ ನಿರ್ಣಾಯಕ. ಇದೇ ತಂಡ 2019ರಲ್ಲಿ ರಾಜ್ಯದ ಬೇಳೆಕಾಳಿನ ಮಾರುಕಟ್ಟೆಯೊಂದರಲ್ಲಿ ನಿಯಮವನ್ನು ಸ್ವಲ್ಪ ಬದಲಿಸಿ ನೋಡಿತು. ಮೊದಲ ಸುತ್ತಿನಲ್ಲಿ ಮುಂದಿದ್ದ ವರ್ತಕರಿಗೆ ಆಗಿನ ಅತ್ಯಧಿಕ ಬೆಲೆಯನ್ನು ತಿಳಿಸಿ, ಎರಡನೆಯ ಸುತ್ತಿನಲ್ಲಿ ಬೆಲೆ ಏರಿಸಲು ಅವಕಾಶ ಕೊಡಲಾಯಿತು. ಹೊಸ ಯಂತ್ರವಿಲ್ಲ, ಹೊಸ ಕಟ್ಟಡವಿಲ್ಲ, ಅನುದಾನವಿಲ್ಲ. ನಿಯಮದ ಒಂದು ಬದಲಾವಣೆಯಿಂದಲೇ ರೈತರ ಬೆಲೆ ಗಮನಾರ್ಹವಾಗಿ ಏರಿತು. ಎರಡು ಸುತ್ತಿನ ಹರಾಜಿಗೆ ಈಗಾಗಲೇ ಒಗ್ಗಿರುವ ಗೂಡಿನ ಪೇಟೆಗೆ ಈ ಪ್ರಯೋಗದಲ್ಲಿ ಕಲಿಯಬೇಕಾದದ್ದಿದೆ.

ಹಾಗೆಂದು ಹರಾಜಿನ ನಿಯಮದಿಂದಲೇ ಬೆಲೆ ಹುಟ್ಟುವುದಿಲ್ಲ. ಮೆಕ್ಕೆಜೋಳ ಗೌರಿಬಿದನೂರು ತಾಲೂಕಿನ ಮುಖ್ಯ ಬೆಳೆಗಳಲ್ಲೊಂದು. 2025-26ರ ಮುಂಗಾರು ಹಂಗಾಮಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಅದೇ 2025ರ ನವೆಂಬರಿನಲ್ಲಿ ರಾಜ್ಯದ ಪೇಟೆಗಳಲ್ಲಿ ಬೆಲೆ 2,000 ರೂಪಾಯಿಗಿಂತ ಕೆಳಗಿಳಿದು, ಉತ್ತರ ಕರ್ನಾಟಕದಲ್ಲಿ ಬೆಳೆಗಾರರು ಬೀದಿಗಿಳಿಯಬೇಕಾಯಿತು. ರೇಷ್ಮೆಯದೂ ಇದೇ ಕತೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಚೀನಾದ ನೂಲು ಹರಿದುಬಂದು ಗೂಡಿನ ಬೆಲೆ ನೆಲಕಚ್ಚಿತ್ತು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಿದ ಮೇಲಷ್ಟೇ ಬೆಳೆಗಾರರು ಕೊಂಚ ಉಸಿರಾಡಿದರು. ಇದಕ್ಕೆ ವಿರುದ್ಧವಾಗಿ 2022ರ ಆರಂಭದಲ್ಲಿ ರಾಮನಗರದಲ್ಲಿ ದ್ವಿತಳಿ ಗೂಡು ಕಿಲೋಗೆ 1,000 ರೂಪಾಯಿಯ ಗಡಿ ಮುಟ್ಟಿತ್ತು. ಈ ಏರಿಳಿತಗಳನ್ನು ಯಾವ ಮೊಬೈಲ್ ತಂತ್ರಾಂಶವೂ ತಡೆಯಲಾರದು. ಬೆಲೆ ಏರಿದಾಗ ಏರಿಕೆಯ ಪಾಲು ರೈತನಿಗೆ ದಕ್ಕುವಂತೆ, ಇಳಿದಾಗ ಇಳಿಕೆಗಿಂತ ಹೆಚ್ಚು ಕಳೆದುಕೊಳ್ಳದಂತೆ ನೋಡಿಕೊಳ್ಳುವುದಷ್ಟೇ ಹರಾಜಿನ ನಿಯಮಗಳ ಕೆಲಸ.

ಚಿಂತಾಮಣಿಯಲ್ಲಿ ಇನ್ನೂ ಕೂಗಿನ ರಾಜ್ಯ

ಶಿಡ್ಲಘಟ್ಟದಿಂದ ಚಿಂತಾಮಣಿ ದೂರವೇನಲ್ಲ. ಆದರೆ ಹರಾಜಿನ ಮಟ್ಟಿಗೆ ಎರಡೂ ಬೇರೆ ಬೇರೆ ಯುಗಗಳಲ್ಲಿವೆ. ಹುಣಸೆಹಣ್ಣಿಗೆ ಹೆಸರಾದ ಈ ಪಟ್ಟಣ ಟೊಮೇಟೊ ಪೇಟೆಯಾಗಿಯೂ ಬೆಳೆದಿದೆ. ಇಲ್ಲಿ ಟೊಮೇಟೊ ಮಾರಾಟ ಇಂದಿಗೂ ಮಂಡಿಯ ಅಂಗಳದ ಬಹಿರಂಗ ಕೂಗಿನಲ್ಲಿ ನಡೆಯುತ್ತದೆ. ಕ್ರೇಟುಗಳ ಸಾಲಿನ ಮುಂದೆ ಕೂಗು ಆರಂಭವಾದರೆ ಕೆಲವೇ ಕ್ಷಣಗಳಲ್ಲಿ ಒಬ್ಬ ರೈತನ ಮೂರು ತಿಂಗಳ ದುಡಿಮೆಯ ಬೆಲೆ ನಿಶ್ಚಯವಾಗಿಬಿಡುತ್ತದೆ.

2023ರ ಜುಲೈಯಲ್ಲಿ ನೆರೆಯ ಕೋಲಾರದ ಪೇಟೆಯಲ್ಲಿ 15 ಕಿಲೋ ಟೊಮೇಟೊ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ದೇಶವೇ ಬೆರಗಾಗಿ ನೋಡಿತು. ಅದೇ ಟೊಮೇಟೊವನ್ನು ಕೀಳುವ ಕೂಲಿಯೂ ಹುಟ್ಟದೆ ರಸ್ತೆಬದಿಗೆ ಸುರಿದ ವರ್ಷಗಳೂ ಇವೆ. ಇಂತಹ ಬೆಳೆಗೆ ಗಣಕದ ಹರಾಜು ಒಗ್ಗದು ಎಂಬುದು ಮಂಡಿಯವರ ವಾದ. ಹಣ್ಣು ಕೊಳೆಯುತ್ತದೆ, ಹೊತ್ತಿಲ್ಲ, ಪ್ರತಿ ಕ್ರೇಟಿನ ಗುಣವೂ ಬೇರೆ ಎನ್ನುತ್ತಾರೆ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕೂಗಿನ ಹರಾಜನ್ನು ಉಳಿಸಿಕೊಂಡೇ ಲೆಕ್ಕವನ್ನು ಗಣಕಕ್ಕೆ ಏರಿಸುವುದಕ್ಕೆ ಅಡ್ಡಿಯೇನು? ಕಾಯ್ದೆಯ ಪ್ರಕಾರ ದಲ್ಲಾಳಿಯ ಕಮಿಷನ್ ಕೊಳ್ಳುವವನು ತೆರಬೇಕಾದದ್ದು. ಆದರೂ ತರಕಾರಿ ಮಂಡಿಗಳಲ್ಲಿ ಅದನ್ನು ರೈತನ ಪಟ್ಟಿಯಿಂದಲೇ ಮುರಿದುಕೊಳ್ಳಲಾಗುತ್ತಿದೆ ಎಂಬುದು ರೈತ ಸಂಘಟನೆಗಳ ಹಳೆಯ ದೂರು. ಕೈಬರಹದ ಚೀಟಿಯ ಬದಲು ಗಣಕದ ಪಟ್ಟಿ, ಅದರ ಪ್ರತಿ ರೈತನ ಮೊಬೈಲಿಗೆ ಎಂಬ ಒಂದೇ ನಿಯಮ ಜಾರಿಯಾದರೂ ಈ ದೂರು ಸತ್ಯವೋ ಸುಳ್ಳೋ ಎಂಬುದು ಸಂಜೆಯೊಳಗೆ ತಿಳಿದುಹೋಗುತ್ತದೆ. ಆಂಧ್ರದ ಮದನಪಲ್ಲಿಯ ದೊಡ್ಡ ಪೇಟೆ ಕೈಯಳತೆಯಲ್ಲೇ ಇರುವುದರಿಂದ, ಲೆಕ್ಕ ಶುದ್ಧವಾಗಿರುವ ಕಡೆಗೆ ರೈತ ಹೊರಳುವುದು ಸಹಜ. ಈ ಸ್ಪರ್ಧೆಯನ್ನು ಚಿಂತಾಮಣಿ ಮರೆಯಬಾರದು.

ಚಿಕ್ಕಬಳ್ಳಾಪುರದ ಹೂವಿನ ಬೆಳೆಗಾರರ ಸ್ಥಿತಿ ಇನ್ನೊಂದು ಬಗೆಯದು. ಸೇವಂತಿ, ಗುಲಾಬಿ, ಚೆಂಡುಹೂ ಬೆಳೆಯುವ ಇಲ್ಲಿನ ರೈತನಿಗೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನಕ್ಕೂ ಮರುದಿನಕ್ಕೂ ಬೆಲೆಯಲ್ಲಿ ಅಜಗಜಾಂತರ. ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜು ಕೇಂದ್ರ ಹಾಲೆಂಡಿನ ಗಡಿಯಾರ ಪದ್ಧತಿಯನ್ನು ತಂದಿತು. ಅಲ್ಲಿ ಬೆಲೆ ಮೇಲಿನಿಂದ ಕೆಳಗಿಳಿಯುತ್ತದೆ. ಮೊದಲು ಗುಂಡಿ ಒತ್ತಿದವನಿಗೆ ಸರಕು. ಬೇಗ ಬಾಡುವ ಸರಕಿಗೆ ವೇಗದ ಹರಾಜು ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ. ಪಾಲಿಹೌಸಿನ ಗುಲಾಬಿಗೆ ದಕ್ಕಿದ ಆ ಅನುಕೂಲ ಬಯಲಿನ ಸೇವಂತಿಗೆ ದಕ್ಕಿಲ್ಲ.

ಬಾಜೀ ಡಾಟ್ ಕಾಮ್ ನೆನಪು

ಹರಾಜಿನ ನಿಯಮ ಬದಲಾದಾಗ ಮಾರುವವರು ತಬ್ಬಿಬ್ಬಾಗುವುದು ರೇಷ್ಮೆ ಪೇಟೆಗಷ್ಟೇ ಸೀಮಿತವಲ್ಲ. ನಗರದ ಓದುಗರಿಗೆ ಬಾಜೀ ಡಾಟ್ ಕಾಮ್ ನೆನಪಿರಬಹುದು. 2000ದಲ್ಲಿ ಹುಟ್ಟಿದ ಈ ಹರಾಜು ತಾಣವನ್ನು ಅಮೆರಿಕದ ಇಬೇ 2004ರಲ್ಲಿ ಸುಮಾರು 5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಹಳೆಯ ನಾಣ್ಯ, ಅಂಚೆಚೀಟಿ, ಕೆಮೆರಾ ಮಾರುತ್ತ ಎಷ್ಟೋ ಸಣ್ಣ ವ್ಯಾಪಾರಿಗಳು ಅಲ್ಲಿ ನೆಲೆ ಕಂಡಿದ್ದರು.

2008ರಲ್ಲಿ ಇಬೇ ತನ್ನ ನಿಯಮಗಳನ್ನು ತಿದ್ದಿತು. ಅದುವರೆಗೆ ಮಾರಿದವನು ಕೊಂಡವನ ಬಗ್ಗೆಯೂ, ಕೊಂಡವನು ಮಾರಿದವನ ಬಗ್ಗೆಯೂ ಒಳ್ಳೆಯ ಅಥವಾ ಕೆಟ್ಟ ಅಭಿಪ್ರಾಯ ದಾಖಲಿಸಬಹುದಿತ್ತು. ಹೊಸ ನಿಯಮ ಮಾರುವವರಿಂದ ಕೆಟ್ಟ ಅಭಿಪ್ರಾಯ ಬರೆಯುವ ಹಕ್ಕನ್ನು ಕಿತ್ತುಕೊಂಡಿತು. ದೂರು ಹೇಳಿದ ಗಿರಾಕಿಯ ಮೇಲೆ ಮಾರಾಟಗಾರರು ಸೇಡಿನ ಅಭಿಪ್ರಾಯ ಬರೆಯುತ್ತಿದ್ದಾರೆ ಎಂಬುದು ಕಂಪನಿಯ ಸಮರ್ಥನೆ. ಅದರ ಜೊತೆಗೇ ಶುಲ್ಕದ ಪಟ್ಟಿಯೂ ಬದಲಾಯಿತು: ಸರಕು ಪಟ್ಟಿಗೆ ಸೇರಿಸುವ ಶುಲ್ಕ ಇಳಿದು, ಮಾರಾಟವಾದ ಮೇಲಿನ ಶುಲ್ಕ ಏರಿತು. ಆ ವರ್ಷದ ಫೆಬ್ರವರಿಯಲ್ಲಿ ಮಾರಾಟಗಾರರು ಒಂದು ವಾರದ ಬಹಿಷ್ಕಾರ ನಡೆಸಿದರು, ಕಂಪನಿ ಜಗ್ಗಲಿಲ್ಲ. ಭಾರತದ ತಾಣ 2017ರಲ್ಲಿ ಫ್ಲಿಪ್‌ಕಾರ್ಟಿನ ಕೈಸೇರಿ 2018ರ ಆಗಸ್ಟಿನಲ್ಲಿ ಬಾಗಿಲು ಮುಚ್ಚಿದಾಗ, ಅದನ್ನೇ ನಂಬಿದ್ದವರು ವರ್ಷಗಳಿಂದ ಗಳಿಸಿದ್ದ ಹೆಸರನ್ನೂ ಅಂಕಗಳನ್ನೂ ಅಲ್ಲಿಯೇ ಬಿಟ್ಟು ಹೊರಡಬೇಕಾಯಿತು.

ಖಾಸಗಿ ಕಂಪನಿಯ ತಾಣಕ್ಕೂ ಸರಕಾರಿ ಮಾರುಕಟ್ಟೆಗೂ ವ್ಯತ್ಯಾಸವಿದೆ ನಿಜ. ನಾಣ್ಯ ಮಾರುವವನು ಬೇಸರವಾದರೆ ಬೇರೆ ತಾಣಕ್ಕೆ ಹೋಗಬಹುದು. ಗೂಡು ಬೆಳೆಯುವವನಿಗೆ ಕಾನೂನೇ ದಾರಿಯನ್ನು ತೋರಿಸಿಕೊಟ್ಟಿದೆ. ಆತ ಸರಕಾರಿ ಅಂಗಳಕ್ಕೇ ಬರಬೇಕು. ಬೇರೆಡೆ ಹೋಗಲಾಗದವನಿಗಾಗಿ ರೂಪಿಸುವ ನಿಯಮದಲ್ಲಿ ಎಚ್ಚರ ಇಮ್ಮಡಿಯಾಗಿರಬೇಕು. ಇಬೇ ಪ್ರಕರಣದ ಪಾಠವಿಷ್ಟೇ: ಬೆಲೆಯ ಜೊತೆಗೆ ಹೆಸರೂ ಬಂಡವಾಳ. ಹರಾಜು ಗೆದ್ದು ಹಿಂದೆ ಸರಿದವರು ಯಾರು, ತೂಕದ ಬಳಿ ತಕರಾರು ಎತ್ತುವವರು ಯಾರು ಎಂಬ ದಾಖಲೆ ಮಾರುವವನಿಗೂ ಕಾಣಬೇಕು. ಹಾಗೆಯೇ ಒದ್ದೆ ಗೂಡನ್ನು, ಕಲಬೆರಕೆ ಗೂಡನ್ನು ಅಡಿಯಲ್ಲಿಟ್ಟು ಮೇಲೆ ಒಳ್ಳೆಯದನ್ನು ಹರಡುವ ಬೆಳೆಗಾರನ ದಾಖಲೆಯೂ ಕೊಳ್ಳುವವನಿಗೆ ಕಾಣಬೇಕು. ಒಬ್ಬರ ಕೈಗೆ ಮಾತ್ರ ಕನ್ನಡಿ ಕೊಟ್ಟರೆ ನ್ಯಾಯವಾಗದು.

ಆಗಬೇಕಾದದ್ದೇನು?

ಗಣಕದ ಹರಾಜಿನಿಂದ ಹಿಂದಕ್ಕೆ ಹೋಗಬೇಕೆಂದು ಯಾರೂ ಕೇಳುತ್ತಿಲ್ಲ. ಬಾಕಿ ಹಣಕ್ಕಾಗಿ ಅಲೆದ ದಿನಗಳನ್ನು ಯಾವ ರೈತನೂ ಮರೆತಿಲ್ಲ. ಮುಂದಿನ ಹೆಜ್ಜೆಗಳ ಬಗ್ಗೆ ಮಾತ್ರ ಚರ್ಚೆ ಆಗಬೇಕಿದೆ.

ಮೊದಲನೆಯದು, ಒಪ್ಪಿದ ಬೆಲೆಯೇ ಅಂತಿಮ ಬೆಲೆಯಾಗಬೇಕು. ಮಾದರಿ ಪರೀಕ್ಷೆ ಹರಾಜಿಗೆ ಮೊದಲೇ ಮುಗಿಯಬೇಕು. ಅನಂತರದ ತಕರಾರನ್ನು ಅಧಿಕಾರಿಯೊಬ್ಬರು ಅದೇ ದಿನ, ಅಲ್ಲಿಯೇ ಇತ್ಯರ್ಥಪಡಿಸಬೇಕು. ಗೂಡು ಮರುದಿನದವರೆಗೆ ಕಾಯದು; ದೂರೂ ಕಾಯುವಂತಾಗಬಾರದು.

ಎರಡನೆಯದು, ನಿರಾಕರಣೆಯ ಹಕ್ಕಿಗೆ ಆಸರೆ ಬೇಕು. ಗೂಡು ಒಣಗಿಸುವ ಸೌಲಭ್ಯ, ಅಡಮಾನ ಸಾಲ ಇವು ಹರಾಜಿನ ಅಂಗವೇ ಆಗಬೇಕು. ರೀಲರುಗಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ. 1979ರಲ್ಲಿ ಸ್ಥಾಪನೆಯಾದ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ ನೂಲಿನ ಬೆಲೆ ಕುಸಿದಾಗ ಆಸರೆಯಾಗಲೆಂದೇ ಹುಟ್ಟಿದ ಸಂಸ್ಥೆ. ಮಂಡಳಿ ನೂಲನ್ನು ಸಕಾಲದಲ್ಲಿ ಕೊಂಡರೆ, ಇಲ್ಲವೇ ಅಡವಿಟ್ಟುಕೊಂಡರೆ ಸಣ್ಣ ರೀಲರು ಮರುದಿನದ ಹರಾಜಿಗೆ ಹಣದೊಂದಿಗೆ ಬರಬಲ್ಲ.

ಮೂರನೆಯದು, ಮಾಹಿತಿ. ದಿನದ ಕನಿಷ್ಠ, ಗರಿಷ್ಠ, ಸರಾಸರಿ ಬೆಲೆಯನ್ನು ಇಲಾಖೆ ಪ್ರಕಟಿಸುತ್ತದೆ. ಅಷ್ಟು ಸಾಲದು. ಒಂದೊಂದು ಲಾಟಿಗೆ ಎಷ್ಟು ಮಂದಿ ಕೂಗಿದರು, ಮೊದಲ ಸುತ್ತಿಗೂ ಎರಡನೆಯ ಸುತ್ತಿಗೂ ಬೆಲೆ ಎಷ್ಟು ಬದಲಾಯಿತು ಎಂಬುದನ್ನು ಹೆಸರು ಮರೆಮಾಚಿಯಾದರೂ ಪ್ರಕಟಿಸಿದರೆ ಹೊಂದಾಣಿಕೆಯ ಹರಾಜು ಎಲ್ಲಿ ನಡೆಯುತ್ತಿದೆ ಎಂಬುದು ಯಾರ ಕಣ್ಣಿಗಾದರೂ ಬೀಳುತ್ತದೆ. ಈ ಅಂಕಿಗಳು ಈಗಲೂ ಗಣಕದ ಹೊಟ್ಟೆಯಲ್ಲಿವೆ. ಹೊರತೆಗೆಯುವ ಮನಸ್ಸು ಬೇಕಷ್ಟೆ.

ನಾಲ್ಕನೆಯದು, ನಿಯಮ ಬದಲಿಸುವ ಕ್ರಮ. ತಂತ್ರಾಂಶದ ಹೊಸ ಆವೃತ್ತಿ ಬಂದ ಬೆಳಿಗ್ಗೆಯೇ ರೈತನಿಗೆ ಹೊಸ ನಿಯಮ ತಿಳಿಯುವಂತಾಗಬಾರದು. ಒಂದು ಬೆಳೆಯ ಅವಧಿಯಷ್ಟು ಮುಂಚೆ ಅಂದರೆ ಕನಿಷ್ಠ ಒಂದು ತಿಂಗಳು ಮೊದಲು ಕನ್ನಡದಲ್ಲಿ, ಸರಳ ಮಾತಿನಲ್ಲಿ ಸೂಚನೆ ಹೊರಡಬೇಕು. ಈ ಭಾಗದ ಗಡಿಹಳ್ಳಿಗಳಲ್ಲಿ ತೆಲುಗು ಮಾತೃಭಾಷೆಯವರೂ, ರೀಲರುಗಳಲ್ಲಿ ಉರ್ದು ಮನೆಮಾತಿನವರೂ ಇರುವುದರಿಂದ ಸಂದೇಶ ಅವರಿಗೂ ಮುಟ್ಟುವಂತಿರಬೇಕು. ಮೊಬೈಲ್ ಓದಲು ಬಾರದವರಿಗೆ ಅಂಗಳದಲ್ಲಿಯೇ ನೆರವಿನ ಮೇಜು ಇರಬೇಕು. ಇಲ್ಲವಾದರೆ ಹಳೆಯ ದಲ್ಲಾಳಿಯ ಜಾಗಕ್ಕೆ ‘ಮೊಬೈಲ್ ನೋಡಿ ಹೇಳುವ’ ಹೊಸ ದಲ್ಲಾಳಿ ಹುಟ್ಟಿಕೊಳ್ಳುವುದು ಖಂಡಿತ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆಯಲ್ಲಿ ತುಂಬಿ ಹರಿಯುವ ನದಿಯಿಲ್ಲ, ದೊಡ್ಡ ಅಣೆಕಟ್ಟಿಲ್ಲ. ಸಾವಿರ ಅಡಿಗೂ ಆಳದ ಕೊಳವೆಬಾವಿಯ ನೀರಿನಲ್ಲಿ, ಈಚೆಗೆ ಬೆಂಗಳೂರಿನ ಸಂಸ್ಕರಿಸಿದ ನೀರು ತುಂಬಿದ ಕೆರೆಗಳ ತೇವದಲ್ಲಿ, ಹಿಪ್ಪುನೇರಳೆ ಸೊಪ್ಪು ಬೆಳೆದು ಹುಳು ಸಾಕುವ ಕುಟುಂಬಗಳಿಗೆ ತಿಂಗಳಿಗೊಮ್ಮೆ ಕೈಗೆ ಬರುವ ಗೂಡಿನ ಹಣವೇ ಶಾಲೆಯ ಶುಲ್ಕ, ಔಷಧಿ, ಸಾಲದ ಕಂತು. ಆ ಹಣ ಎಷ್ಟೆಂಬುದು ಬೆಳಗಿನ ಕೆಲವು ನಿಮಿಷಗಳಲ್ಲಿ ಪರದೆಯೊಂದರ ಮೇಲೆ ತೀರ್ಮಾನವಾಗುತ್ತದೆ. ಆ ನಿಮಿಷಗಳ ನಿಯಮವನ್ನು ಬರೆಯುವಾಗ ಮಾರುವವನನ್ನೂ ಮೇಜಿನ ಬಳಿ ಕೂರಿಸಿಕೊಳ್ಳಬೇಕೆಂಬುದು ದೊಡ್ಡ ಬೇಡಿಕೆಯೇನಲ್ಲ. ರೇಷ್ಮೆ ಇಲಾಖೆ ಹಾಗೂ ಕೃಷಿ ಮಾರಾಟ ಇಲಾಖೆಗಳು ಇತ್ತ ಗಮನ ಹರಿಸಬೇಕಾಗಿದೆ.